ಕತ್ತರಿಗೆ ಸಿಕ್ಕ ಕೊನೆಯ ಪ್ಯಾರಾ

ಹೊಸ ಸಂಶೋಧನೆಗಳ ಬಗ್ಗೆ ಕನ್ನಡದಲ್ಲಿ ಬರೆಯುವವಳ ರಕ್ತ ವಾರಕ್ಕೊಮ್ಮೆ ಕುದಿಯದಿದ್ದರೆ, ಅವಳು ಅಚ್ಚಾದ ಪತ್ರಿಕೆಯನ್ನು ತೆರೆದು ನೋಡಿಲ್ಲ ಎಂದೇ ಅರ್ಥ. ನಾನು ಪ್ರತಿ ವಾರ ತೆರೆದು ನೋಡುತ್ತೇನೆ, ಪ್ರತಿ ವಾರ ಕುದಿಯುತ್ತೇನೆ.

ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತಳಾದವಳು ನಾನು. ಲೋಹದ ತುಂಡನ್ನು ಮುರಿಯುವ ತನಕ ಎಳೆಯುವುದು, ಎಷ್ಟು ಭಾರಕ್ಕೆ, ಎಷ್ಟು ಬಿಸಿಯಲ್ಲಿ ಮುರಿಯಿತೆಂದು ಬರೆಯುವುದು, ಅದೇ ನನ್ನ ಕೆಲಸ. 'ಎಷ್ಟು ಬಿಸಿಯಲ್ಲಿ' ಎನ್ನುವುದು ಬಿಟ್ಟುಹೋದರೆ ವರದಿ ಕಸದ ಬುಟ್ಟಿಗೆ. ನಿವೃತ್ತಿಯಾದ ಮೇಲೆ ಹಲಸೂರಿನ ಒಂದು ವಾರಪತ್ರಿಕೆಯ ಸಂಪಾದಕರು, ವಿಜ್ಞಾನಿಗಳು ಕಂಡುಹಿಡಿದದ್ದನ್ನು ಜನರಿಗೆ ತಿಳಿಯುವ ಹಾಗೆ ಅರ್ಧ ಪುಟ ಬರೆದುಕೊಡಿ ಎಂದರು. ಒಪ್ಪಿಕೊಂಡೆ. ಆ ಕಚೇರಿಯ ಪದ್ಧತಿ ನನಗೆ ಆಗ ಗೊತ್ತಿರಲಿಲ್ಲ. ಕೊನೆ ಗಳಿಗೆಯಲ್ಲಿ ಜಾಹೀರಾತು ಬಂದರೆ ಲೇಖನವನ್ನು ಯಾರೂ ಓದುವುದಿಲ್ಲ, ಕೆಳಗಿನಿಂದ ಅಳತೆ ಹಿಡಿದು ಕತ್ತರಿಸುತ್ತಾರೆ. ನನ್ನ ಎಚ್ಚರಿಕೆಯ ಮಾತುಗಳೆಲ್ಲ ಇರುವುದು ಕೊನೆಯ ಪ್ಯಾರಾದಲ್ಲೇ.

ಕಾಫಿ

ಕಾಫಿ ಕುಡಿಯುವವರಲ್ಲಿ ಕೆಲವು ಕಾಯಿಲೆ ಕಡಿಮೆ ಕಾಣುತ್ತದೆ ಎಂದು ಬರೆದಿದ್ದೆ. ಅದಕ್ಕೆ ಕಾಫಿಯೇ ಕಾರಣ ಎನ್ನಲಾಗದು, ಅವರ ಊಟ, ನಡಿಗೆ, ನಿದ್ದೆ ಕೂಡ ಬೇರೆ ಇರಬಹುದು ಎಂದು ಕೊನೆಯಲ್ಲಿ ವಿವರಿಸಿದ್ದೆ. ಆ ಜಾಗದಲ್ಲಿ ಸೀರೆ ಅಂಗಡಿ ಬಂದು ಕೂತಿತು.

ಮುಂದಿನ ವಾರ ಪುಲಿಕೇಶಿನಗರದ ಒಂದು ಚಹಾ ಹೋಟೆಲಿನ ಗೋಡೆಯ ಮೇಲೆ ನನ್ನ ಲೇಖನ ಕಂಡಿತು. ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದರು. ಹತ್ತಿರ ಹೋಗಿ ನೋಡಿದರೆ 'ಕಾಫಿ' ಎಂದಿದ್ದ ಕಡೆಯಲ್ಲೆಲ್ಲ ಸಣ್ಣ ಚೀಟಿ ಅಂಟಿಸಿ 'ಚಹಾ' ಎಂದು ಬರೆದಿದ್ದರು. ಮೈಯೆಲ್ಲ ಉರಿದುಹೋಯಿತು. ಇದು ಮೋಸವಲ್ಲವೇ ಎಂದು ಮಾಲೀಕರನ್ನು ಗದರಿದೆ. ಅವರು ಸಾವಧಾನವಾಗಿ ಲೋಟ ತೊಳೆಯುತ್ತಾ ಹೇಳಿದರು:

"ಮೇಡಂ, ನಮ್ಮಲ್ಲಿ ಕಾಫಿ ಸಿಗಲ್ಲ. ಗೋಡೆ ನೋಡ್ಕೊಂಡು ಜನ ಕೇಳಿದ್ರೆ ನಾನು ಎಲ್ಲಿಂದ ತರ್ಲಿ?"

ಕೂದಲು

ಕೂದಲು ಮತ್ತೆ ಬೆಳೆಸುವ ಪ್ರಯೋಗದ ಬಗ್ಗೆ ಬರೆದಾಗ, ಇದೆಲ್ಲ ಆಗಿರುವುದು ಇಲಿಗಳಲ್ಲಿ ಎಂಬ ಮಾತು ಕತ್ತರಿಗೆ ಸಿಕ್ಕಿತು. ಇಂದಿರಾನಗರದ ಓದುಗರೊಬ್ಬರು ಫೋನ್ ಮಾಡಿ, ಔಷಧಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದರು. ಇಲಿಗಳ ವಿಷಯ ಹೇಳಿದೆ. ಇಲಿಗೆ ಮೊದಲೇ ಕೂದಲು ಇರುತ್ತಲ್ಲ ಎಂದರು. ಪ್ರಯೋಗಕ್ಕಾಗಿ ತೆಗೆಯುತ್ತಾರೆ ಎಂದೆ. ಹಾಗಾದರೆ ನನ್ನ ಮೇಲೆಯೇ ಪ್ರಯೋಗ ಮಾಡಲಿ, ತೆಗೆಯುವ ಶ್ರಮ ಉಳಿಯುತ್ತದೆ ಎಂದರು ಪುಣ್ಯಾತ್ಮರು.

ಸೀದಾ ಸಂಪಾದಕರ ಮುಂದೆ ಹೋಗಿ ಕೂತೆ. ಕಾಫಿಯ ಪ್ರಸಂಗ ಆದಮೇಲೆ ನಾನು ಎಚ್ಚರಿಕೆಯನ್ನು ಮೇಲೆಯೇ ಬರೆದರೂ ಅವರು ಕೆಳಕ್ಕೆ ಇಳಿಸುತ್ತಿದ್ದರು. ಇನ್ನು ಮೇಲೆ ಇಲಿ ಎಂಬುದು ಮೊದಲ ಸಾಲಿನಲ್ಲೇ ಇರಬೇಕು ಎಂದು ಮೇಜು ಗುದ್ದಿದೆ.

"ಮೊದಲ ಸಾಲಲ್ಲೇ ಇಲಿ ಬಂದ್ರೆ ಯಾರ್ ಓದ್ತಾರೆ ಮೇಡಂ?" ಎಂದರು ಅವರು. "ಇಲಿ ಓದುತ್ತಾ?"

ಸಕ್ಕರೆ



ನಾನು ಬಾಡಿಗೆಗಿರುವುದು ಗರುಡಾಚಾರ್‌ಪಾಳ್ಯದಲ್ಲಿ. ಮನೆ ಯಜಮಾನರು ಅದೇ ಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ರೂಮು ಕಟ್ಟಿಸಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ, ದಿನವೂ ಮಾತ್ರೆ. ಊಟದ ನಡುವೆ ಹೆಚ್ಚು ಹೊತ್ತು ಬಿಟ್ಟರೆ ಕೆಲವರಿಗೆ ಸಕ್ಕರೆ ಹತೋಟಿಗೆ ಬರಬಹುದು ಎಂದು ನಾನು ಬರೆದ ವಾರ, ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಿದರೆ ಜೀವಕ್ಕೆ ಅಪಾಯ ಎಂಬ ಪ್ಯಾರಾವನ್ನು ಒಂದು ಸೋಫಾ ಸೆಟ್ ನುಂಗಿತ್ತು.

ಭಾನುವಾರ ಮಧ್ಯಾಹ್ನ ಯಜಮಾನರು ಗೇಟಿನ ಹತ್ತಿರ ಕುಸಿದು ಕೂತಿದ್ದರು. ಮೈಯೆಲ್ಲ ಬೆವರು, ಕೈ ನಡುಕ. ಮಾತ್ರೆ ನುಂಗಿದ್ದರು, ಬೆಳಿಗ್ಗೆಯಿಂದ ಒಂದು ತುತ್ತು ತಿಂದಿರಲಿಲ್ಲ. ಕೈಯಲ್ಲಿ ನನ್ನ ಲೇಖನ. ಪಕ್ಕದ ರೂಮಿನ ಕಲಬುರಗಿಯ ಹೆಂಗಸು ಒಂದು ಹಿಡಿ ಸಕ್ಕರೆ ತಂದು, "ಬಾಯಿ ತೆಗೀರಿ ಯಪ್ಪಾ" ಎಂದು ಅಂಗಲಾಚುತ್ತಿದ್ದಳು. ಅವರು ಹಲ್ಲು ಕಚ್ಚಿ ತಲೆ ಅಲ್ಲಾಡಿಸುತ್ತಿದ್ದರು.

"ಲೇಖನ ಬರೆದವಳೇ ಹೇಳ್ತಿದೀನಿ, ಸಕ್ಕರೆ ತಿನ್ನಿ" ಎಂದೆ.

"ನೀವು ಬಾಯಲ್ಲಿ ಹೇಳಿದ್ರೆ ಆಯ್ತದಾ?" ಎಂದರು ತೊದಲುತ್ತಾ. "ಪೇಪರ್‌ನಾಗೆ ಬಂದಿಲ್ವಲ್ಲ."

ವಾದ ಮಾಡುವ ಹೊತ್ತಲ್ಲ. ಪತ್ರಿಕೆ ಕಿತ್ತುಕೊಂಡು, ಅಂಚಿನ ಖಾಲಿ ಜಾಗದಲ್ಲಿ 'ಮಾತ್ರೆ ನುಂಗುವವರು ಉಪವಾಸ ಇರಬಾರದು, ತಕ್ಷಣ ಸಕ್ಕರೆ ತಿನ್ನಬೇಕು' ಎಂದು ದೊಡ್ಡದಾಗಿ ಬರೆದು ಹಿಡಿದೆ. ಯಜಮಾನರಿಗೆ ಯಾವುದನ್ನೂ ತಾವೇ ಜೋರಾಗಿ ಓದಿಕೊಳ್ಳದಿದ್ದರೆ ಅರ್ಥವಾಗುವುದಿಲ್ಲ. 'ಮಾ' ಎನ್ನಲು ಬಾಯಿ ತೆರೆದರು. ಆ ಹೆಂಗಸು ಕಾಯುತ್ತಲೇ ಇದ್ದಳು, ಅಷ್ಟನ್ನೂ ಬಾಯಿಗೆ ಸುರಿದಳು. ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಆಟೊ ಬಂತು. ಹತ್ತುವ ಮೊದಲು ಅವರು ನನ್ನ ಅಕ್ಷರಗಳನ್ನು ಇನ್ನೊಮ್ಮೆ ನೋಡಿ ಕೇಳಿದರು:

"ಇದು ಎಲ್ಲಾರ ಪೇಪರ್‌ನಾಗೂ ಬಂದೈತಾ ಮೇಡಂ?"

ನನಗೆ ಆ ರಾತ್ರಿ ಅನ್ನ ಇಳಿಯಲಿಲ್ಲ. ಆ ಪುಟ ಎಷ್ಟು ಮನೆಗಳಲ್ಲಿ ಬಿದ್ದಿದೆಯೋ, ಯಾರು ಎಲ್ಲಿ ಹಸಿದು ಕೂತಿದ್ದಾರೋ. ಬೆಳಿಗ್ಗೆ ಹಲಸೂರಿಗೆ ಹೋಗಿ ಸಂಪಾದಕರನ್ನು ಬಾಯಿಗೆ ಬಂದ ಹಾಗೆ ಬೈದೆ. ಅವರಿಗೂ ಹೆದರಿಕೆಯಾಯಿತು. ತಿದ್ದುಪಡಿ ಹಾಕೋಣ, ಜಾಗ ಉಳಿದರೆ ಎಂದರು. ಉಳಿದರೆ! ಜಾಹೀರಾತಿಗಾದರೆ ಜಾಗ ಇದೆಯೇ ಎಂದು ಕೇಳಿದೆ. ಅದಕ್ಕೆ ಯಾವಾಗಲೂ ಇರುತ್ತದೆ ಎಂದರು. ನನ್ನ ಪಿಂಚಣಿಯಿಂದ ದುಡ್ಡು ಕಟ್ಟಿ, ಸೋಫಾ ನುಂಗಿದ್ದ ಆ ಎಚ್ಚರಿಕೆಯನ್ನೇ ಜಾಹೀರಾತಾಗಿ ಕೊಟ್ಟೆ. ಹೆಸರು ಹಾಕಲಿಲ್ಲ. ಸುತ್ತ ದಪ್ಪ ಗೆರೆ ಎಳೆದು, ಒಂದಕ್ಷರವೂ ಬಿಡದೆ ಅಚ್ಚು ಹಾಕಿದರು. ಮೊದಲ ಸಲ ಪತ್ರಿಕೆ ತೆರೆದು ಸಮಾಧಾನದ ಉಸಿರು ಬಿಟ್ಟೆ.

ಅಷ್ಟರಲ್ಲಿ ಯಜಮಾನರು ಗೇಟಿನಿಂದ ಕರೆದರು. ಡಾಕ್ಟರು ಚೆನ್ನಾಗಿ ಬೈದು ಕಳಿಸಿದ್ದರಿಂದ ಹೊತ್ತಿಗೆ ಸರಿಯಾಗಿ ಮುದ್ದೆ ಉಂಡು ಗಟ್ಟಿಯಾಗಿದ್ದರು. ಆ ಜಾಹೀರಾತಿನ ಮೇಲೆ ಬೆರಳಿಟ್ಟು, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ದನಿ ತಗ್ಗಿಸಿ ಹೇಳಿದರು:

"ನೀವು ಬರೆದಿದ್ರ ಮೇಲೆ ಹೊಟ್ಟೆಕಿಚ್ಚಿಗೆ ಯಾರೋ ದುಡ್ಡು ಕೊಟ್ಟು ಹಾಕ್ಸವ್ರೆ. ಇದನ್ನೆಲ್ಲ ಯಾರೂ ನಂಬಾಕಿಲ್ಲ, ನೀವು ಮನಸ್ಸಿಗೆ ಹಚ್ಕೋಬೇಡಿ ಮೇಡಂ."