ಕೊಳಕೂರಿನ ಬೇಳೆ, ಮಗಳ ಕಾಲು

ನಾನು ಪುಕ್ಕಲ. ಇದನ್ನು ಹೇಳಿಕೊಳ್ಳಲು ಮಾತ್ರ ನನಗೆ ಹೆದರಿಕೆಯಿಲ್ಲ. ಕೆಲವರಿಗೆ ದೆವ್ವದ ಭಯ, ಕೆಲವರಿಗೆ ಮೇಲಧಿಕಾರಿಯ ಭಯ. ನನಗೆ ಎರಡೂ ಇವೆ. ಎಂಬತ್ತರ ದಶಕದಲ್ಲಿ ಜೇವರ್ಗಿಯಲ್ಲಿ ಮಾಸ್ತರನಾಗಿದ್ದಾಗ ಇವುಗಳ ಜೊತೆ ತೊಗರಿ ಬೇಳೆಯ ಭಯವೂ ಸೇರಿಕೊಂಡಿತು. ಕಣ್ಣು ಹಾಯುವಷ್ಟು ದೂರ ತೊಗರಿಯೇ ಬೆಳೆಯುವ ಸೀಮೆಯಲ್ಲಿ ಬೇಳೆಗೆ ಹೆದರಿದವನು ನಾನೊಬ್ಬನೇ ಇರಬೇಕು.

ಶುರುವಾದದ್ದು ಒಂದು ಪೊಟ್ಟಣದಿಂದ. ಅಂಗಡಿಯ ಬೇಳೆಯನ್ನು ಡಬ್ಬಿಗೆ ಸುರಿದು, ಸುತ್ತಿದ್ದ ಹಳೆಯ ಪತ್ರಿಕೆಯ ಹಾಳೆ ಬಿಡಿಸಿ ಓದುವುದು ನನ್ನ ಚಟ. ಅಂದು ಓದಿದ್ದು: ತೊಗರಿ ಬೇಳೆಗೆ ಕೇಸರಿ ಬೇಳೆ ಎಂಬ ಅಗ್ಗದ ಕಾಳಿನ ಬೇಳೆ ಬೆರೆಸುತ್ತಾರೆ, ಅದನ್ನು ದಿನವೂ ತಿಂದವರ ಕಾಲುಗಳು... ಅಲ್ಲಿಗೆ ಹಾಳೆ ಹರಿದಿತ್ತು. ಉಳಿದರ್ಧ ಯಾರ ಮನೆಯ ಬೆಲ್ಲ ಸುತ್ತಿಕೊಂಡು ಹೋಗಿತ್ತೋ! ಮರುದಿನ ಶಾಲೆಯಲ್ಲಿ ವಿಜ್ಞಾನದ ಮಾಸ್ತರರು ಆ ವಾಕ್ಯ ಪೂರ್ತಿ ಮಾಡಿದರು: “ಸೆಟಕೊಂಡು ಬಿಡ್ತಾವ್ರಿ. ಆಮ್ಯಾಲ ನಡಿಯೂದು ಬಂದ್.”

ನನಗೆ ಥಟ್ಟನೆ ಮಗಳ ನೆನಪಾಯಿತು. ಮಗಳು ಗೌರಿಗೆ ಒಂದೂವರೆ ವರ್ಷ. ಓರಗೆಯ ಮಕ್ಕಳು ಓಣಿ ತುಂಬ ಓಡಾಡುತ್ತಿದ್ದವು; ಇವಳು ಇನ್ನೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ತಿಂಗಳುಗಟ್ಟಲೆ ಅವಳಿಗೆ ಬೇಳೆ ಕಲಸಿದ ಅನ್ನ ತಿನ್ನಿಸಿದ್ದು ನಾನೇ, ಇದೇ ಕೈಯಿಂದ. ಅವಳ ಪುಟ್ಟ ಪಾದ ಹಿಡಿದು ಕಚಗುಳಿಯಿಟ್ಟೆ. ನಕ್ಕಳು. ಆ ನಗು ಕೇಳಿ ನನಗೆ ಅಳು ಬಂತು.

ಅಂಗಡಿಗೆ ಓಡಿದೆ. “ಈ ಬ್ಯಾಳಿ ಎಲ್ಲಿಂದ ಬಂದಾವ್ರಿ?”

“ಲಾರಿಯಿಂದ್ರಿ.”

“ಲಾರಿಗೆ ಎಲ್ಲಿಂದ್ರಿ?”

“ಮಾರ್ಕೆಟಿಂದ್ರಿ.”

“ಮಾರ್ಕೆಟಿಗೆ?”

“ಮಾಸ್ತರ ನೀವ ಇದ್ದೀರಿ, ನೀವ ಹೇಳ್ರಿ,” ಎಂದ ಅಂಗಡಿಯವ.

ನಮ್ಮ ಹೊಲಗಳ ತೊಗರಿ ಯಾವುದೋ ಊರಿನ ಗಿರಣಿ ಸುತ್ತಿ, ಯಾರ್ಯಾರದೋ ಕೈ ದಾಟಿ ನಮ್ಮ ತಾಟಿಗೆ ಬರುತ್ತಿದೆ ಎಂದು ಆಗ ಹೊಳೆಯಿತು. ಮನೆಯಲ್ಲಿ ಬೇಳೆ ಬಂದ್ ಆಯಿತು. ನಾಲ್ಕು ದಿನ ಮಜ್ಜಿಗೆ ಅನ್ನ ಉಂಡ ಹೆಂಡತಿ ಶಾಂತಾ ಐದನೆಯ ದಿನ, “ಕೊಳಕೂರಾಗ ನಮ್ಮ ಭಾಗಮ್ಮತ್ತಿ ಇದ್ದಾಳ. ಆಕಿ ಹೊಲದ ತೊಗರಿ, ಆಕೀನ ಒಡಿತಾಳ. ಕಣ್ಣಾರೆ ನೋಡಿ ತರೂಣು ನಡೀರಿ,” ಎಂದಳು. ಭಾಗಮ್ಮ ಅವಳ ಸೋದರತ್ತೆ.

ಬಸ್ಸಿನಲ್ಲಿ ಗೌರಿಯನ್ನು ತೊಡೆಯ ಮೇಲೆ ಅವುಚಿಕೊಂಡು ಕೊಳಕೂರಿಗೆ ಹೋದೆವು. ಭಾಗಮ್ಮ ಹೊಲ ತೋರಿಸಿದರು, ಮನೆಯ ಒಳ ಅಂಗಳದಲ್ಲಿ ಸುರಿದಿದ್ದ ರಾಶಿ ತೋರಿಸಿದರು, ಬೀಸುಕಲ್ಲಿನಲ್ಲಿ ಒಡೆದೂ ತೋರಿಸಿದರು. ನಾನು ಮಗುವನ್ನು ಬಗಲಲ್ಲಿ ಎತ್ತಿಕೊಂಡೇ, ಬೇಳೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದೆ. ಕೇಸರಿ ಬೇಳೆ ಹೇಗಿರುತ್ತದೆಂದು ನನಗೆ ಗೊತ್ತಿರಲಿಲ್ಲ, ಆ ಮಾತು ಬೇರೆ.

ಮುದುಕಿ ಬೀಸುಕಲ್ಲು ನಿಲ್ಲಿಸಿ ನನ್ನತ್ತ ತಿರುಗಿದರು. “ಮಾಸ್ತರ್ರೇ, ನನ್ನ ಬ್ಯಾಳಿ ನೋಡಿದ್ದಾತು. ಕೂಸಿನ ಯಾಕ ಕೆಳಗ ಬಿಡವಲ್ರಿ?”

“ಚೇಳು ಗೀಳು ಇದ್ರ ಅತ್ತಿ...”

“ಮನ್ಯಾಗೂ ಬಿಡಂಗಿಲ್ಲತ್ತಿ,” ಎಂದಳು ಶಾಂತಾ. ಇದಕ್ಕೇ ಕಾದಿದ್ದಳೇನೋ. “ಸಾಲಿಯಿಂದ ಬಂದ ಕೂಡ್ಲೆ ಎತಗೋತಾರ. ತಾವು ಇಲ್ಲದಾಗ ತೊಟ್ಟಿಲದಾಗ ಹಾಕು ಅಂತಾರ. ಬಿದ್ರ ಹೆಂಗ, ಪೆಟ್ಟಾದ್ರ ಹೆಂಗ ಅಂತ ಅಂಜಿಕಿ.”

“ನೆಲಾ ಮುಟ್ಟದ ಕೂಸು ಗಾಳ್ಯಾಗ ನಡಿತದೇನ್ರಿ?” ಭಾಗಮ್ಮ ಗೌರಿಯನ್ನು ನನ್ನ ಬಗಲಿಂದ ಕಿತ್ತುಕೊಂಡು ತೊಗರಿ ರಾಶಿಯ ಪಕ್ಕ ನಿಲ್ಲಿಸಿಯೇಬಿಟ್ಟರು.

ಓಡಿ ಹೋಗಿ ಎತ್ತಿಕೊಳ್ಳಬೇಕೆಂದರೆ, ಸೆಟೆದು ನಿಂತದ್ದು ನನ್ನ ಕಾಲುಗಳು. ಗೌರಿ ಓಲಾಡಿದಳು. ಧಪ್ಪನೆ ರಾಶಿಯ ಮೇಲೆ ಕೂತಳು. ನಾನು ಕಿರುಚಿದೆ; ನನ್ನ ಕಿರುಚಾಟಕ್ಕೆ ಬೆದರಿ ಅವಳೂ ಅತ್ತಳು. “ನೀವು ಹೊರಗ ಹೋಗಿ ಕುಂಡ್ರಿ,” ಎಂದು ಅತ್ತೆ, ಸೊಸೆ ಕೂಡಿ ನನ್ನನ್ನು ಕಟ್ಟೆಗೆ ಅಟ್ಟಿದರು. ಬಾಗಿಲ ಸಂದಿಯಿಂದ ಇಣುಕುತ್ತ ಕೂತೆ. ಸಂಜೆಯ ಬಸ್ಸಿನ ಹೊತ್ತಿಗೆ ಮಗಳು ಮುದುಕಿಯ ಸೆರಗು ಹಿಡಿದು ನಾಲ್ಕು ಹೆಜ್ಜೆ ಇಟ್ಟಿದ್ದಳು.

ಅಂದಿನಿಂದ ನಮ್ಮ ಮನೆಗೆ ಕೊಳಕೂರಿನ ಬೇಳೆಯೇ. ಒಡೆದವರ ಮುಖ ಗೊತ್ತಿರುವ ಬೇಳೆಯ ರುಚಿಯೇ ಬೇರೆ, ಅದರ ಸತ್ವಕ್ಕೇ ಮಗಳು ಒಂದೇ ದಿನದಲ್ಲಿ ನಡೆದಳು ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಿರುತ್ತೇನೆ. ಒಳಗಿಂದ ಶಾಂತಾಳ ದನಿ ಬರುತ್ತದೆ: “ಆ ಬ್ಯಾಳಿ ಆಕಿ ಬಾಯಾಗ ಬಿದ್ದದ್ದು ಮರುದಿನ ಅಂತನೂ ಹೇಳ್ರಿ.”