ಬಾಯ್ಲರಿಗೆ ಜ್ವರ ನೋಡಿದ ಚಿಕ್ಕಮ್ಮ

ಸ್ವೀಡನ್ ದೇಶದಲ್ಲಿ ಬಾಯ್ಲರಿಗೆ ಜ್ವರ ನೋಡುವ ಡಾಕ್ಟರು ಇರುವುದು ಒಬ್ಬರೇ. ಅದು ನನ್ನ ಚಿಕ್ಕಮ್ಮ! ನಾನು ಒಂದನ್ನು ಹತ್ತು ಮಾಡಿ ಹೇಳುವವನೆಂದು ನಮ್ಮ ಬಂಧುಬಳಗಕ್ಕೆಲ್ಲ ಗೊತ್ತು. ಆದರೆ ಈ ಮಾತಿಗೆ ಮಾತ್ರ ಲಿಖಿತ ದಾಖಲೆ ಇದೆ. ಕ್ಲಿಪ್‌ಬೋರ್ಡಿಗೆ ಸಿಕ್ಕಿಸಿದ ತಿಂಗಳುಗಟ್ಟಲೆಯ ಕೇಸ್ ಶೀಟ್!

ಚಿಕ್ಕಮ್ಮ ಓರೆಬ್ರೂದಲ್ಲಿ ವಯಸ್ಸಾದವರ ವಾರ್ಡಿನ ಡಾಕ್ಟರು. ನಾನು ಅದೇ ಊರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಅಂದರೆ ಅವಳ ಮನೆಯ ಮಹಡಿ ಕೋಣೆಯಲ್ಲಿ ಅಂಗಾತ ಮಲಗಿ ಚಾವಣಿ ನೋಡುತ್ತಿದ್ದೇನೆ. ಚಿಕ್ಕಪ್ಪ ವಾರವಿಡೀ ಟೋರ್ಸ್‌ಲಾಂಡದ ಕಾರು ಕಾರ್ಖಾನೆಯಲ್ಲಿ. ಶುಕ್ರವಾರ ಬಂದು ಭಾನುವಾರ ಮಾಯ.

ಡಾಕ್ಟರಿಕೆ ಎಂಬುದು ಚಿಕ್ಕಮ್ಮನ ಮಟ್ಟಿಗೆ ಕೆಲಸವಲ್ಲ, ಚಟ. ಮನೆಗೆ ಬಂದವರ ಕೈ ಕುಲುಕಿದರೆ ಅವಳ ಬೆರಳುಗಳು ತಮಗೆ ತಾವೇ ಮಣಿಕಟ್ಟಿಗೆ ಜಾರುತ್ತವೆ. "ಬನ್ನಿ ಬನ್ನಿ, ಎಂಬತ್ತೆಂಟು! ಬಸ್‌ಗೆ ಓಡಿದ್ರಾ?" ಕಿಟಕಿಯ ಬಳಿಯ ಕರಿಬೇವಿನ ಕುಂಡಕ್ಕೂ ಒಂದು ಚೀಟಿ ಅಂಟಿಸಿದ್ದಾಳೆ: "ಪ್ರಜ್ಞೆ ಇದೆ. ಊಟ ಸೇರುತ್ತಿಲ್ಲ. ಜನ ಕಂಡರೆ ಎಲೆ ಉದುರಿಸುತ್ತದೆ." ಕೊನೆಯ ವಾಕ್ಯ ನನ್ನನ್ನು ಕುರಿತದ್ದು. ನಾನು ಒಗ್ಗರಣೆ ಹಾಕುವಾಗೆಲ್ಲ ಅದರ ಕಡೆಗೇ ನೋಡುತ್ತೇನಂತೆ!

ಇಂಥ ಚಿಕ್ಕಮ್ಮ ಡ್ಯೂಟಿ ಮುಗಿಸಿ ಬಂದರೆ ಸ್ನಾನ ಆಗುವ ತನಕ ಯಾರ ಹತ್ತಿರವೂ ಮಾತಾಡುವುದಿಲ್ಲ. ಕೋಟು ಕಳಚಿ, ಬೂಟು ಕಳಚಿ, ನಿದ್ದೆಯಲ್ಲಿ ನಡೆಯುವವಳಂತೆ ನೇರ ಬಚ್ಚಲಿಗೆ. ಅಲ್ಲಿ ನೀಲಿ ಬಕೆಟ್ಟು, ಸ್ಟೀಲ್ ಚೊಂಬು. ಷವರ್ ಇರುವುದು ಬಕೆಟ್ಟು ತುಂಬಿಸುವುದಕ್ಕೆ. ಹಳೆಯ ಬಾಡಿಗೆ ಫ್ಲಾಟಿನಲ್ಲಿ ಅವಳು ಸ್ನಾನಕ್ಕಿಳಿದರೆ ಬಾಗಿಲ ಸಂದಿಯಿಂದ ಹಬೆ ಹೊರಟು ಹಾಲಿಗೆ ಬರುತ್ತಿತ್ತು. ಹೊರಗೆ ಮಧ್ಯಾಹ್ನ ಮೂರಕ್ಕೇ ಆಕಾಶ ನೀಲಿ ಶಾಯಿ ಕುಡಿದಂತಾಗಿ, ಬರ್ಚ್ ಮರಗಳೆಲ್ಲ ಬೆಳ್ಳಗೆ ನಿಂತುಬಿಡುತ್ತಿದ್ದವು. ಒಳಗೆ ಸೀಗೆಪುಡಿಯ ವಾಸನೆ, ಚೊಂಬಿನ ಸದ್ದು, ಕನ್ನಡಕದ ಮೇಲೆ ಮಂಜು. ಸೋಫಾದಲ್ಲಿ ಮಲಗಿದ್ದ ನನಗೆ ಇಡೀ ಫ್ಲಾಟು ಹಗ್ಗ ಬಿಚ್ಚಿಕೊಂಡು ಮೋಡದ ಮೇಲೆ ಮೆಲ್ಲಗೆ ತೇಲುತ್ತಿರುವಂತೆ ಅನಿಸುತ್ತಿತ್ತು. ಆ ಹಬೆಯಿಂದ ಹೊರಬಂದವಳೇ ನಮ್ಮ ನಿಜವಾದ ಚಿಕ್ಕಮ್ಮ. ನಗುತ್ತಾ, ಬೈಯುತ್ತಾ, "ಹುಳಿ ಬಿಸಿ ಮಾಡಿದ್ಯೇನೋ?" ಎನ್ನುತ್ತಾ.

ಹೊಸ ಮನೆ ಕೊಂಡಾಗ ಆ ಮೋಡವನ್ನು ಕಳೆದವನು ನಾನು.

ಇಲ್ಲಿ ಹೊಸ ಮನೆ ಕಟ್ಟಿದವರು ಕೀ ಕೊಡುವ ಮೊದಲು ಒಬ್ಬ ತಪಾಸಣೆಯವನು ಬಂದು ಮನೆಯನ್ನೆಲ್ಲ ಪರೀಕ್ಷಿಸುತ್ತಾನೆ. ಕೊಳ್ಳುವವರೂ ಜೊತೆಗಿದ್ದು ಏನು ಸರಿ, ಏನು ತಪ್ಪು ಎಂದು ಹೇಳಬೇಕು. ಅವತ್ತು ಚಿಕ್ಕಮ್ಮನಿಗೆ ಡ್ಯೂಟಿ. "ನೀನು ಹೋಗೋ. ಲಿಸ್ಟ್ ಕೊಟ್ಟಿದೀನಿ. ಒಂದೊಂದು ನಲ್ಲೀನೂ ಹತ್ತು ನಿಮಿಷ ಬಿಡಬೇಕು. ಗೊತ್ತಾಯ್ತಾ? ಹತ್ತು ನಿಮಿಷ!" ಗೊತ್ತಾಯಿತು. ಲಿಸ್ಟು ಇನ್ನೊಂದು ಜಾಕೆಟ್ಟಿನಲ್ಲೇ ಉಳಿಯಿತು.

ಆದರೆ ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ ಒಯ್ಯುವುದನ್ನು ಮರೆಯಲಿಲ್ಲ. ಮನೆಗೆ ಬಂದವರಿಗೆ ಕಾಫಿ ಕೊಡದಿದ್ದರೆ ಹೇಗೆ? ಅದಿನ್ನೂ ಮನೆಯೇ ಆಗಿರಲಿಲ್ಲ ಎನ್ನಿ. ಪೇಂಟಿನ ವಾಸನೆ, ಪರದೆಯಿಲ್ಲದ ಕಿಟಕಿ, ನೆಲದ ಮೇಲೆಲ್ಲ ಏಪ್ರಿಲ್ ಬೆಳಕು ಹಾಲು ಚೆಲ್ಲಿದಂತೆ ಹರಡಿತ್ತು. ತಪಾಸಣೆಯವನು ಗೋಡೆ ತಟ್ಟಿ, ಬಾಗಿಲು ತೆಗೆದು ಹಾಕಿ, ಏನೇನೋ ಕೇಳುತ್ತಿದ್ದ. ನಾನು ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ನಿಂತು, ಈ ಮೂಲೆಯಲ್ಲಿ ಉಯ್ಯಾಲೆ ಕಟ್ಟಿದರೆ ಎಷ್ಟು ಚಂದ, ಅದರಲ್ಲಿ ನಾನು ಮಲಗಿದರೆ ಇನ್ನೂ ಎಷ್ಟು ಚಂದ ಎಂದು ಕನಸು ಕಾಣುತ್ತಿದ್ದೆ. ಸ್ವೀಡನ್ನಿನವರು ಉಸಿರು ಒಳಗೆ ಎಳೆದುಕೊಂಡೇ "ಯಾ" ಎನ್ನುತ್ತಾರಲ್ಲ, ಅದನ್ನು ನಾನು ಹೊಸದಾಗಿ ಕಲಿತಿದ್ದೆ. ಅವನು ಕೇಳಿದ್ದಕ್ಕೆಲ್ಲ ಉಸಿರೆಳೆದುಕೊಂಡು "ಯಾ" ಎಂದೆ.

ಬಚ್ಚಲಿನಲ್ಲಿ ಅವನು ಬಿಸಿನೀರಿನ ನಲ್ಲಿ ತಿರುಗಿಸಿದ. ನೀರು ಹೊಗೆಯಾಡುತ್ತಾ ಬಂತು.

"ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನೋಡೋಣವೇ?" ಎಂದ.

"ಬೇಡ ಬೇಡ, ಕಾಫಿ ಆರಿಹೋಗುತ್ತೆ!" ಎಂದೆ.

ನೋಡಿ, ಒಂದು ಲೋಟ ಕಾಫಿಯ ಬಿಸಿ ಉಳಿಸಲು ಹೋಗಿ ಇಡೀ ಟ್ಯಾಂಕಿನ ಬಿಸಿ ಕಳೆದವನು ಜಗತ್ತಿನಲ್ಲಿ ಇನ್ನೊಬ್ಬನಿದ್ದರೆ ಅವನ ಪಾದಧೂಳಿ ಕಳಿಸಿಕೊಡಿ! ತಪಾಸಣೆಯವನು ಕಾಫಿ ಕುಡಿದು "ಭಾರೀ ಚೆನ್ನಾಗಿದೆ" ಎಂದ. ದೂರುಗಳೇನಾದರೂ ಇವೆಯೇ ಎಂಬ ಜಾಗದಲ್ಲಿ ನಾನು "ಇಲ್ಲ" ಎಂದು ಬರೆದು, ಮೂರು ಸುತ್ತಿನ ಸಹಿ ಹಾಕಿದೆ.

ಮನೆಗೆ ಬಂದ ಮೊದಲ ವಾರವೇ ಗೊತ್ತಾಯಿತು. ಬಿಸಿನೀರು ಆರು ನಿಮಿಷ ರಾಜಗಾಂಭೀರ್ಯದಿಂದ ಬರುತ್ತದೆ, ಏಳನೆಯದಕ್ಕೆ ಉಗುರುಬೆಚ್ಚಗೆ, ಎಂಟನೆಯದಕ್ಕೆ ಬಚ್ಚಲಿನಿಂದ "ಅಯ್ಯೋ!" ಎಂಬ ಕೂಗು. ಬಟ್ಟೆ ಒಗೆಯುವ ಕೋಣೆಯಲ್ಲಿ ಫ್ರಿಜ್ಜಿನಂತೆ ನಿಂತಿದ್ದ ಬಾಯ್ಲರಿನ ಮುಖದ ಮೇಲೆ ಮಾತ್ರ ಸದಾ ಐವತ್ತೈದು ಡಿಗ್ರಿ. ಪರಮ ಶಾಂತ.

"ಸುಳ್ಳು ಹೇಳ್ತಿದೆ ಕಣೋ. ಪೇಷಂಟ್‌ಗಳು ಹೀಗೇ. ಒಳಗೆ ಎಲ್ಲಾ ಕೆಟ್ಟಿರುತ್ತೆ, ಕೇಳಿದ್ರೆ 'ನಾನು ಆರಾಮಾಗಿದೀನಿ ಡಾಕ್ಟ್ರೇ' ಅಂತಾರೆ," ಎಂದಳು ಚಿಕ್ಕಮ್ಮ. ಅವತ್ತೇ ಕೇಸ್ ಶೀಟ್ ಶುರು. ಬಾಯ್ಲರು ತೋರಿಸಿದ್ದು ಎಷ್ಟು, ನಲ್ಲಿಯ ಕೆಳಗೆ ಥರ್ಮಾಮೀಟರ್ ಹಿಡಿದಾಗ ಎಷ್ಟು, ಎಷ್ಟನೆಯ ನಿಮಿಷಕ್ಕೆ ಕೈಕೊಟ್ಟಿತು. ದಿನಾ ಬರೆದಳು. ಸ್ಟೆತಸ್ಕೋಪು ಇಟ್ಟು ಕೇಳುತ್ತಿದ್ದುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಸ್ಕ್ರೂಡ್ರೈವರ್ ಹಿಡಿದು ಹೋದೆ. "ಮುಚ್ಚಳ ಬಿಚ್ಚಿ ನೋಡಿಬಿಡ್ಲಾ ಚಿಕ್ಕಮ್ಮ?"

"ಪೇಷಂಟ್ ಹೊಟ್ಟೆ ಕೊಯ್ಯೋಕೆ ನಿಂಗ್ಯಾರೋ ಲೈಸೆನ್ಸ್ ಕೊಟ್ಟಿದ್ದು? ದೂರ ನಿಂತ್ಕೋ!"

ಮನೆ ಕಟ್ಟಿದ ಕಂಪನಿಗೆ ಫೋನು ಮಾಡುವ ಜವಾಬ್ದಾರಿ ನನ್ನದಾಯಿತು. ಅವರು ಪ್ಲಂಬರನ್ನು ಕೇಳಿ ಎಂದರು. ಪ್ಲಂಬರು ಬಾಯ್ಲರಿನವರನ್ನು ಕೇಳಿ ಎಂದ. ಬಾಯ್ಲರಿನವರು ಮನೆ ಕಟ್ಟಿದವರನ್ನು ಕೇಳಿ ಎಂದರು. ಅಷ್ಟರಲ್ಲಿ ಜುಲೈ ಬಂತು, ಇಲ್ಲಿನವರಿಗೆಲ್ಲ ಬೇಸಿಗೆ ರಜೆ. ಜುಲೈ ತಿಂಗಳಲ್ಲಿ ಸ್ವೀಡನ್ನಿಗೆ ಫೋನು ಮಾಡಿದರೆ ಸ್ವೀಡನ್ ಮನೆಯಲ್ಲಿರುವುದಿಲ್ಲ! ಆಗಸ್ಟಿನಲ್ಲಿ ಪ್ಲಂಬರು ಬಂದು ಎರಡು ನಿಮಿಷ ನೀರು ಬಿಟ್ಟು, "ಬಿಸಿ ಇದೆಯಲ್ಲ!" ಎಂದು ಹೊರಟುಹೋದ.

ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆವು. "ಕಾರಿನ ರೇಡಿಯೇಟರ್ ಆಗಿದ್ರೆ ಹೇಳ್ತಿದ್ದೆ," ಎಂದರು.

"ಹಾಗಾದ್ರೆ ಕಾರಿನಲ್ಲೇ ಸ್ನಾನ ಮಾಡ್ತೀನಿ ಬಿಡಿ!" ಎಂದಳು ಚಿಕ್ಕಮ್ಮ.

ನಗೆಯೆಲ್ಲ ಅಕ್ಟೋಬರಿನ ತನಕ. ಆಮೇಲೆ ಚಳಿ ಬಿತ್ತು. ಚಿಕ್ಕಮ್ಮ ಬಚ್ಚಲಿನಿಂದ ಬೇಗ ಬೇಗ ಹೊರಬರತೊಡಗಿದಳು. ಹಬೆಯಿಲ್ಲ, ನಗುವಿಲ್ಲ, ಹುಳಿ ಬಿಸಿ ಮಾಡಿದ್ದೀಯೋ ಎಂದು ಕೇಳುವುದೂ ಇಲ್ಲ. ಒಂದು ದಿನ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಅಡುಗೆಮನೆಯಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದಳು: "ಆ ಸ್ನಾನ ಸರಿಯಾಗಿ ಆಗ್ದಿದ್ರೆ ಮರುದಿನ ವಾರ್ಡಿಗೆ ಹೋಗೋಕೆ ಕಾಲೇ ಬರಲ್ಲ ಕಣೋ. ಬಿಟ್ಬಿಡ್ಲಾ ಅನ್ಸುತ್ತೆ."

ಚಿಕ್ಕಮ್ಮ ಆಸ್ಪತ್ರೆ ಬಿಡುವುದೇ! ನನ್ನ ಮೂರು ಸುತ್ತಿನ ಸಹಿ ಅವತ್ತು ರಾತ್ರಿಯೆಲ್ಲ ಕನಸಿನಲ್ಲಿ ಹಾವಿನಂತೆ ಸುತ್ತಿಕೊಂಡಿತು.

ಮರುದಿನವೇ ಇಬ್ಬರೂ ಕೊಮ್ಯೂನ್, ಅಂದರೆ ಇಲ್ಲಿಯ ನಗರಸಭೆಯ, ಕಚೇರಿಗೆ ಹೋದೆವು. ಅಲ್ಲಿ ಗ್ರಾಹಕರಿಗೆ ಪುಕ್ಕಟೆ ಸಲಹೆ ಕೊಡುವ ಒಬ್ಬ ಹೆಂಗಸಿದ್ದಾರೆ. ಎಲ್ಲ ಕೇಳಿಸಿಕೊಂಡು ಹೇಳಿದರು: "ಮೂರು ಕಡೆ ಓಡಬೇಡಿ. ನಿಮಗೆ ಮನೆ ಕೊಟ್ಟವರೇ ಜವಾಬ್ದಾರರು. ತಪಾಸಣೆಯಲ್ಲಿ ಕಣ್ಣಿಗೆ ಬೀಳದ ದೋಷವಾಗಿದ್ದರೆ, ಸಹಿ ಹಾಕಿದ ಮೇಲೂ ಕೇಳುವ ಹಕ್ಕು ನಿಮಗಿದೆ."

ನನ್ನ ಸಹಿಗೆ ಅಷ್ಟೇನೂ ಬೆಲೆಯಿಲ್ಲ ಎಂದು ತಿಳಿದು ಜನ್ಮದಲ್ಲೇ ಮೊದಲ ಸಲ ಸಂತೋಷಪಟ್ಟೆ. ಸಂತೋಷದಲ್ಲಿ ಬಾಯಿ ಬಿಟ್ಟೆ: "ಇನ್ನೂ ಸ್ವಲ್ಪ ಹೊತ್ತು ನೋಡೋಣವೇ ಅಂತ ತಪಾಸಣೆಯವರೇ ಕೇಳಿದ್ದರು. ನಾನೇ ಬೇಡ ಅಂದೆ. ಕಾಫಿ..."

ಚಿಕ್ಕಮ್ಮ ನನ್ನತ್ತ ತಿರುಗಿದಳು. ಆ ತನಕ ಕಾಫಿಯ ಕಥೆ ಅವಳಿಗೆ ಗೊತ್ತಿರಲಿಲ್ಲ!

ಸಲಹೆಗಾರ್ತಿ ಪೆನ್ನು ಕೆಳಗಿಟ್ಟರು. "ಅದನ್ನು ಹಿಡಿದು ಕಂಪನಿಯವರು ವಾದ ಮಾಡಬಹುದು. ದೋಷ ಕಂಡ ಕೂಡಲೇ ಪತ್ರ ಬರೆದಿದ್ದೀರಾ?"

"ಫೋನು ಮಾಡಿದ್ದೆ."

"ಈಗಲಾದರೂ ಬರೆಯಿರಿ. ಯಂತ್ರವನ್ನು ನೀವು ಮುಟ್ಟಿಲ್ಲ ತಾನೆ? ಒಳ್ಳೆಯದು. ನಿಮ್ಮ ಹತ್ತಿರ ಬೇರೆ ದಾಖಲೆ ಏನಾದರೂ ಇದೆಯೇ?"

ಚಿಕ್ಕಮ್ಮ ಬ್ಯಾಗಿನಿಂದ ಕ್ಲಿಪ್‌ಬೋರ್ಡು ತೆಗೆದು ಮೇಜಿನ ಮೇಲಿಟ್ಟಳು. ಸಲಹೆಗಾರ್ತಿ ಒಂದೊಂದೇ ಹಾಳೆ ತಿರುಗಿಸುತ್ತಾ, ನಾನು ಮೊದಲೇ ವರ್ಣಿಸಿದ ಆ ಉಸಿರೆಳೆಯುವ "ಯಾ" ಹೇಳಿದರು. ಬಹಳ ಉದ್ದದ್ದು.

ಪತ್ರವನ್ನು ಬರೆದವಳು ಚಿಕ್ಕಮ್ಮನೇ. ನನಗೆ ಸ್ಟಾಂಪು ಅಂಟಿಸಲೂ ಬಿಡಲಿಲ್ಲ. "ರೋಗಿ: ಬಾಯ್ಲರ್. ವಯಸ್ಸು: ಆರು ತಿಂಗಳು. ಮುಖ್ಯ ತೊಂದರೆ: ಏಳನೆಯ ನಿಮಿಷದಿಂದ ಮೈ ತಣ್ಣಗಾಗುವುದು. ಹಿಂದಿನ ಚಿಕಿತ್ಸೆ: ಎರಡು ನಿಮಿಷ ನೋಡಿ ಆರೋಗ್ಯವಾಗಿದೆ ಎಂದು ಮನೆಗೆ ಕಳಿಸಲಾಗಿದೆ." ಸ್ವೀಡಿಷಿನಲ್ಲಿ ಓದಿದರೆ ಇನ್ನೂ ಗಂಭೀರವಾಗಿ ಕೇಳಿಸುತ್ತದೆ. ಎರಡೇ ವಾರಕ್ಕೆ ಕಂಪನಿಯಿಂದ ಒಬ್ಬ ಬಂದ.

ನವೆಂಬರಿನ ಬೆಳಗ್ಗೆ. ಕಿಟಕಿಯಾಚೆ ಮೊದಲ ಹಿಮ, ಯಾರೋ ಮೇಲೆ ಕೂತು ದಿಂಬು ಬಿಚ್ಚಿದಂತೆ ಆತುರವಿಲ್ಲದೆ ಉದುರುತ್ತಿತ್ತು. ಕೆನ್ನೆ ಕೆಂಪಗಿನ ಮನುಷ್ಯ. ಬೂಟು ಬಾಗಿಲಲ್ಲೇ ಬಿಟ್ಟು, ತೂತು ಬಿದ್ದ ಸಾಕ್ಸಿನಲ್ಲಿ ಅಡುಗೆಮನೆಗೆ ಬಂದು ಕೂತ. ಚಿಕ್ಕಮ್ಮ ಕೈ ಕುಲುಕಿ, "ಎಪ್ಪತ್ತೆರಡು," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಕಾಫಿ ಕೊಡಲೇ ಎಂದು ಕಣ್ಣಲ್ಲೇ ಕೇಳಿದೆ. ಕಣ್ಣಲ್ಲೇ ಕೊಲೆ ಮಾಡಿದಳು.

ಅವನು ಟ್ಯಾಬ್ಲೆಟ್ ತೆರೆದ. ಬಾಯ್ಲರು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದಂತೆ, ಯಾವ ದಿನ ಎಷ್ಟು ನೀರು ಹೋಯಿತು ಎಂದು. "ಸಾಧಾರಣ ದಿನಗಳಲ್ಲಿ ಬಳಕೆ ಸರಿಯಾಗಿದೆ. ಆದರೆ ಇಲ್ಲಿ ನೋಡಿ, ಇಲ್ಲಿ, ಮತ್ತೆ ಇಲ್ಲಿ. ಕೆಲವು ದಿನ ಇದ್ದಕ್ಕಿದ್ದಂತೆ ಎರಡರಷ್ಟು. ಇದು ಸಾಮಾನ್ಯ ಮನೆಬಳಕೆ ಅಲ್ಲ. ಹೀಗೆ ಬಳಸಿದರೆ ಟ್ಯಾಂಕು ಖಾಲಿಯಾಗುತ್ತದೆ. ದೋಷ ಯಂತ್ರದ್ದಲ್ಲ."

ಅವನ ಮುಂದಿದ್ದ ಫಾರಂನಲ್ಲಿ ಬಳಕೆ ಎಂಬ ಒಂದು ಕಾಲಂ ಇತ್ತು. ಅದರಲ್ಲಿ ಅವನು ಆಗಲೇ "ಅಸಾಮಾನ್ಯ" ಎಂದು ಬರೆದಿದ್ದ. ನಾನು ತಟ್ಟನೆ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಈ ಮನೆಯಲ್ಲಿ ಏನು ಕೆಟ್ಟರೂ ಅದು ನನ್ನಿಂದಲೇ ಎಂದು ರೂಢಿಯಾಗಿಬಿಟ್ಟಿದೆ ನೋಡಿ! ಆದರೆ ಆ ದಿನಗಳ ಪೈಕಿ ಎರಡು ದಿನ ನಾನು ಊರಲ್ಲೇ ಇರಲಿಲ್ಲ.

"ಅದು ನಾನು," ಎಂದಳು ಚಿಕ್ಕಮ್ಮ. "ಆ ದಿನಗಳಲ್ಲಿ ಎರಡು ಸಲ ಸ್ನಾನ ಮಾಡ್ತೀನಿ."

"ಯಾಕೆ?"

ಅವಳು ಹಿಮದ ಕಡೆ ತಿರುಗಿದಳು. ಆಮೇಲೆ ನಿಧಾನವಾಗಿ, ಸ್ವೀಡಿಷಿನಲ್ಲಿ, ಪೇಷಂಟಿನ ಮನೆಯವರಿಗೆ ಹೇಳುವ ದನಿಯಲ್ಲಿ ಹೇಳಿದಳು. "ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ತಲೆಗೆ ಸ್ನಾನ ಮಾಡುತ್ತಾರೆ. ಸತ್ತವರಿಗಾಗಿ. ನನ್ನ ವಾರ್ಡಿನಲ್ಲಿ ಕೆಲವರಿಗೆ ಮನೆಯವರು ಅಂತ ಯಾರೂ ಇರುವುದಿಲ್ಲ. ಕೊನೆಯ ತನಕ ಯಾರೂ ಬರುವುದಿಲ್ಲ. ಯಾರಾದರೂ ಒಬ್ಬರು ಮಾಡಬೇಕಲ್ಲ? ಮೊದಲನೆಯ ಸ್ನಾನ ನನ್ನದು. ಎರಡನೆಯದು ಅವರದು. ಈಗ ಅವರ ಸ್ನಾನ ಅರ್ಧಕ್ಕೇ ತಣ್ಣಗಾಗಿಬಿಡುತ್ತದೆ."

ಆ ಮನುಷ್ಯ ಟ್ಯಾಬ್ಲೆಟ್ಟಿನಲ್ಲಿ ಎದ್ದು ನಿಂತಿದ್ದ ಆ ದಿನಗಳ ಗೆರೆಗಳನ್ನು ಒಂದೊಂದಾಗಿ ನೋಡಿದ. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದನೇನೋ. ಆಮೇಲೆ ಪೆನ್ನು ತೆಗೆದು, ಬರೆದದ್ದನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದ: "ಸಾಮಾನ್ಯ ಮನೆಬಳಕೆ."

ಮರುವಾರ ಮೆಕ್ಯಾನಿಕ್ ಬಂದು ಮುಚ್ಚಳ ಬಿಚ್ಚಿದ. ನೀರಿನ ಬಿಸಿ ಅಳೆಯುವ ತಂತಿ ಟ್ಯಾಂಕಿನೊಳಗೆ ಇರಬೇಕಾದದ್ದು, ಹೊರಗೆ ಒಂದು ಬಿಸಿ ಪೈಪಿನ ಮೇಲೆ ಹಾಯಾಗಿ ಮಲಗಿತ್ತು. ಕೂರಿಸಿದವರು ಒಳಗೆ ತೂರಿಸುವುದನ್ನೇ ಮರೆತಿದ್ದರು. ಪೈಪಿನ ಬಿಸಿಯನ್ನೇ ಟ್ಯಾಂಕಿನ ಬಿಸಿ ಎಂದು ನಂಬಿ ಬಾಯ್ಲರು ನೀರು ಕಾಯಿಸದೆ ಕೂತಿರುತ್ತಿತ್ತು.

ಚಿಕ್ಕಮ್ಮ ಇಣುಕಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಥರ್ಮಾಮೀಟರ್‌ನ ಪೇಷಂಟ್ ಬಾಯಿಗಿಡೋದು ಬಿಟ್ಟು ಪಕ್ಕದ ಟೀ ಲೋಟದಲ್ಲಿ ಇಟ್ಟಿದಾರಲ್ಲೋ!"

ಖರ್ಚೆಲ್ಲ ಕಂಪನಿಯದೇ. ಕೇಸ್ ಶೀಟಿನ ಕೊನೆಗೆ "ಡಿಸ್ಚಾರ್ಜ್" ಎಂದು ಬರೆದು ಗೆರೆ ಎಳೆದಳು.

ಅದಾಗಿ ನಾಲ್ಕು ದಿನ. ನಾನು ಯೂನಿವರ್ಸಿಟಿಯಿಂದ ಬಂದಾಗ ಹಾಲಿನ ತುಂಬ ಹಬೆ. ದೀಪದ ಸುತ್ತ ಬಳೆಯಂಥ ಬೆಳಕು. ಚೊಂಬಿನ ಸದ್ದು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಕೆಟ್ಟಿಗೆ ಮತ್ತೆ ನೀರು ಬೀಳತೊಡಗಿತು. ನಾನು ಬೂಟು ಬಿಚ್ಚದೆ ಅಲ್ಲೇ ನಿಂತೆ.

ಅವಳು ಹೊರಬಂದಾಗ ಕೇಳಿದೆ: "ಇವತ್ತು ಯಾರು ಚಿಕ್ಕಮ್ಮ?"

"ಹೆಸರು ಹೇಳೋ ಹಾಗಿಲ್ಲ ಪುಟ್ಟಾ." ಕೂದಲು ಕೊಡವಿ ಟವೆಲ್ ಸುತ್ತಿಕೊಂಡಳು. "ಒಬ್ರು ಅಜ್ಜ. ಜೇನು ಸಾಕ್ತಿದ್ರಂತೆ."

ನಾನು ಬಚ್ಚಲಿಗೆ ಹೋದೆ. ಕನ್ನಡಿಯಲ್ಲಿ ನಾನಿರಲಿಲ್ಲ, ಬರೀ ಹಬೆ. ಬಕೆಟ್ಟು ತುಂಬಿಸಿ, ನಾನೆಂದೂ ಕಾಣದ ಆ ಜೇನಿನ ಅಜ್ಜನಿಗಾಗಿ ಒಂದೊಂದೇ ಚೊಂಬು ತಲೆಗೆ ಸುರಿದುಕೊಂಡೆ. ನೀರು ಕೊನೆಯ ತನಕ ಬಿಸಿಯಾಗಿತ್ತು.