ಜೀಪಿಗೆ ಎಲ್ಲ ಹಾಕಿಸಿದ ಮೇಲೆ ಬ್ರೇಕು

ಬಚ್ಚಲಿಗೆ ಬಾಗಿಲಿಡುವ ಮೊದಲೇ ಗೇಟಿನ ಮೇಲೆ ಸಿಂಹದ ಮುಖ ಕೂರಿಸುವವರನ್ನು ಕಂಡು ನಾನು ಬಹಳ ನಕ್ಕಿದ್ದೇನೆ. ಹಳೇ ಜೀಪೊಂದನ್ನು ಬಿಚ್ಚಿ, ನನ್ನ ಮನಸ್ಸಿಗೆ ಬಂದಂತೆ ಹೊಸದಾಗಿ ಕಟ್ಟಲು ಕೂತ ಮೇಲೆ ಆ ನಗು ನಿಂತಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಹಿಡಿದವನು ನಾನು. ಹೊಳೆನರಸೀಪುರದ ನನ್ನ ಶೆಡ್ಡಿನಲ್ಲಿ ಹುಟ್ಟಿದ ಟ್ರ್ಯಾಕ್ಟರ್ ಟ್ರೈಲರುಗಳು ಹಳ್ಳಿಮೈಸೂರಿನ ಕಡೆ ಇವತ್ತಿಗೂ ಗೊಬ್ಬರ ಹೊರುತ್ತಿವೆ. ಒಂದರ ಬೆಸುಗೆಯೂ ಬಿಟ್ಟಿಲ್ಲ. ಹಾಗಾಗಿ ಜೀಪಿನ ವಿಷಯದಲ್ಲಿ ಯಾರನ್ನೂ ಕೇಳಲಿಲ್ಲ.

ಕೊಣನೂರಿನಲ್ಲಿರುವ ನನ್ನ ಭಾಮೈದ ಸರ್ಕಾರಿ ನೌಕರ. "ಭಾವ ಬ್ಯಾರೇವ್ರ ಗಾಡಿ ಕಟ್ಟೋದ್ರಲ್ಲೇ ಕಾಲ ಕಳುದ್ಬುಟ್ರು" ಎಂದು ಒಮ್ಮೆ ನೆಂಟರೆದುರು ಅಂದಿದ್ದ. ಅವನ ಗೃಹಪ್ರವೇಶಕ್ಕೆ ಸ್ವಂತ ಕೈಯಲ್ಲಿ ಕಟ್ಟಿದ ಜೀಪಿನಲ್ಲಿ, ಹೆಂಡತಿ ಜಯಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗಿ ಇಳಿಯಬೇಕೆಂಬುದು ನನ್ನ ಹಟ. ಹಾಸನದ ಗುಜರಿಯಲ್ಲಿ ದೊಡ್ಡ ಎಂಜಿನ್ ಸಿಕ್ಕಿತು. ಕೂಡಿಟ್ಟದ್ದರಲ್ಲಿ ಹೆಚ್ಚು ಪಾಲು ಅದೇ ನುಂಗಿತು. ಅಂಥ ಎಂಜಿನ್ನಿಗೆ ಸಣ್ಣ ಟೈರು ಒಪ್ಪುತ್ತದೆಯೇ? ಅಗಲದ ಟೈರು ಬಂದವು. ಟೈರಿಗೆ ತಕ್ಕ ಬಣ್ಣ, ಬಣ್ಣಕ್ಕೆ ತಕ್ಕ ಸೀಟು. ಹಾರ್ನ್ ಮಾತ್ರ ಯಾವುದಕ್ಕೂ ತಕ್ಕದ್ದಲ್ಲ. ಅಂಗಡಿಯವನು ಒತ್ತಿ ತೋರಿಸಿದ, ಮನಸ್ಸು ತಡೆಯಲಿಲ್ಲ.

"ಬ್ರೇಕು?" ಎಂದಳು ಜಯಮ್ಮ.

ಅದು ನನ್ನ ತಲೆಯಲ್ಲೇ ಇರಲಿಲ್ಲ. ನಾನು ಮಾಡುವ ಟ್ರೈಲರಿಗೆ ಬ್ರೇಕೇ ಇಲ್ಲ. ನಿಲ್ಲಿಸುವುದು ಮುಂದಿರುವ ಟ್ರ್ಯಾಕ್ಟರಿನ ಪಾಡು. ಜೀವಮಾನವಿಡೀ ಹಿಂದಿನ ಗಾಡಿ ಕಟ್ಟಿದವನಿಗೆ ನಿಲ್ಲುವ ಚಿಂತೆ ಎಲ್ಲಿಂದ ಬರಬೇಕು?

"ಅಳೇದೇ ಐತಲ್ಲ. ಮೊದ್ಲು ಓಡ್ಲಿ ಕಣೇ, ನಿಲ್ಸೋದು ಆಮೇಲ್ ನೋಡಾನ."

"ನಿಲ್ದಿದ್ರೆ ನೋಡಕ್ಕೆ ನೀವ್ ಇರ್ಬೇಕಲ್ಲ! ನಾನ್ ಬಸ್ಸಲ್ಲೇ ಓಯ್ತೀನಿ."

ಗೃಹಪ್ರವೇಶದ ದಿನ ಅವಳು ಹೇಳಿದಂತೆಯೇ ಮಾಡಿದಳು. ನಾನು ಪಕ್ಕದ ಹೊಸ ಸೀಟನ್ನು ಖಾಲಿ ಇಟ್ಟುಕೊಂಡೇ ಹೊರಟೆ. ಅರಕಲಗೂಡು ಇನ್ನೂ ದೂರವಿರುವಾಗಲೇ ರಸ್ತೆಗೆ ಎಮ್ಮೆಯೊಂದು ಬಂತು. ಪೆಡಲ್ಲು ತಳ ಮುಟ್ಟಿತು. ಜೀಪು ಯೋಚನೆ ಮಾಡಿ ಮಾಡಿ ನಿಂತಿತು. ಎಮ್ಮೆ ಕಿವಿಯನ್ನೂ ಅಲ್ಲಾಡಿಸಲಿಲ್ಲ, ನನ್ನ ಅಂಗಿ ಮಾತ್ರ ಒದ್ದೆಯಾಯಿತು. ಅಲ್ಲಿಂದ ಮುಂದೆ ಆ ದೊಡ್ಡ ಎಂಜಿನ್ನನ್ನು ಕೊಣನೂರಿನವರೆಗೂ ಮೊದಲನೇ ಗೇರಿನಲ್ಲೇ ನಡೆಸಿದೆ. ಹಾಲಿನ ಕ್ಯಾನು ಹೊತ್ತ ಮೊಪೆಡ್ಡಿನವನೊಬ್ಬ ನನ್ನನ್ನು ದಾಟುತ್ತಾ, "ಗಾಡಿ ಕೆಟ್ಟೈತಾ ಸಾ? ತಳ್ಳಾನಾ?" ಎಂದು ಕನಿಕರದಿಂದ ಕೇಳಿದ.

ಹೊಸ ಮನೆಯ ಮುಂದೆ ನೆಂಟರೆಲ್ಲ ನಿಂತಿದ್ದರು. ಜೀಪು ಇನ್ನೂ ಉರುಳುತ್ತಿರುವಾಗಲೇ ಜಯಮ್ಮ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದು, ಮನೆ ಕಟ್ಟಿ ಉಳಿದಿದ್ದ ಕಲ್ಲೊಂದನ್ನು ಚಕ್ರದ ಮುಂದಿಟ್ಟಳು. ಜೀಪು ನಿಂತಿತು.

ಭಾಮೈದ ಓಡಿ ಬಂದು ಬಾನೆಟ್ ಸವರಿದ. "ಇಂಥಾ ಎಂಜಿನ್ ಇಟ್ಕಂಡು ಎಷ್ಟ್ ನಿದಾನಕ್ ಬಂದ್ರಿ ಭಾವ! ನಮ್ ಹೈಕ್ಳು ನಿಮ್ಮನ್ ನೋಡಿ ಕಲೀಬೇಕು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

"ಮೊದ್ಲಿಂದ್ಲೂ ನಾನ್ ಅಂಗೇ ಕಣಪ್ಪ, ಆತ್ರ ನಂಗಾಗಕಿಲ್ಲ" ಎಂದೆ, ಜಯಮ್ಮನಿದ್ದ ಕಡೆಗೆ ಮಾತ್ರ ತಿರುಗದೆ.